ಸ್ಟ್ರೈಟ್ ಎಡ್ಜ್‌ಗೆ ಬೀಡುಕಬ್ಬಿಣ: ಒಟ್ಟಾಗಿ ಕೊಳ್ಳುವುದೇ ದಾರಿ

ಹೋಳಿ ಹುಣ್ಣಿಮೆಯ ನಂತರದ ಐದನೆಯ ದಿನ ಶರಣಬಸವೇಶ್ವರರ ರಥೋತ್ಸವ. ಆ ಹೊತ್ತಿಗೆ ನಮ್ಮ ಮಾರುಕಟ್ಟೆಯಲ್ಲಿ ತೊಗರಿ ಆವಕದ ಬಿರುಸು ತುಸು ಇಳಿಯತೊಡಗಿರುತ್ತದೆ. ದೇವಸ್ಥಾನದ ಸುತ್ತಲ ಜಾತ್ರೆಯಲ್ಲಿ ದಾಲ್ ಮಿಲ್ಲಿನವರು, ಅಡತಿಯವರು, ವರ್ಕ್‌ಶಾಪಿನವರು ಎಲ್ಲರೂ ಒಬ್ಬರಿಗೊಬ್ಬರು ಸಿಗುತ್ತಾರೆ. ಕುಶಲ ವಿಚಾರಣೆ ಮುಗಿದೊಡನೆ ಮಾತು ವ್ಯವಹಾರದ ಕಡೆ ಹೊರಳುವುದು ಸಹಜ. ಹಾಗೆ ಸಿಕ್ಕ ಹಿರಿಯ ಟರ್ನರ್ ಒಬ್ಬರು ಹೇಳಿದ ಮಾತು ಈ ಲೇಖನಕ್ಕೆ ಕಾರಣ. “ಲೇತಿನ ಬೆಡ್ಡು ಸವೆದದ್ದು ನನಗೆ ಗೊತ್ತದ, ಸರಿ ಮಾಡೋ ಕೈಯೂ ಅದ. ಆದ್ರ ಎಷ್ಟು ಸವೆದದ ಅಂತ ನೋಡಲಿಕ್ಕ ಒಂದು ನೇರ ಅಂಚು ನನ್ನ ಹತ್ರ ಇಲ್ಲರಿ” ಎಂದರು ಅವರು.

ಈ ನೇರ ಅಂಚನ್ನೇ ಕಸುಬಿನವರು ಸ್ಟ್ರೈಟ್ ಎಡ್ಜ್ ಎನ್ನುತ್ತಾರೆ. ನೋಡಲು ಅದೊಂದು ಸಾಮಾನ್ಯ ಬೀಡಿನ ಪಟ್ಟಿ. ಆದರೆ ಲೇತ್, ಶೇಪರ್, ಮಿಲ್ಲಿಂಗ್ ಯಂತ್ರಗಳ ಹಾಸುಗಳನ್ನು ಸ್ಕ್ರೇಪಿಂಗ್ ಮಾಡಿ ಮತ್ತೆ ನೇರಗೊಳಿಸುವ ಕೆಲಸಕ್ಕೆಲ್ಲ ಅದೇ ಮೂಲಮಾನ. ಅದಕ್ಕೆ ನೀಲಿ ಬಣ್ಣ ಸವರಿ ಹಾಸಿನ ಮೇಲೆ ಎಳೆದಾಗ ಎತ್ತರವಿರುವ ಜಾಗಕ್ಕೆ ಬಣ್ಣ ಹತ್ತುತ್ತದೆ; ಅಷ್ಟನ್ನು ಕೆರೆಯುತ್ತ ಹೋಗುವುದೇ ಸ್ಕ್ರೇಪಿಂಗ್. ಮೂಲಮಾನವೇ ಡೊಂಕಾಗಿದ್ದರೆ ಯಂತ್ರವೂ ಡೊಂಕು, ಆ ಯಂತ್ರದಿಂದ ಹೊರಬಂದ ಶಾಫ್ಟೂ ಡೊಂಕು. ಅಂಥ ಶಾಫ್ಟನ್ನು ಹಾಕಿಕೊಂಡ ಮಿಲ್ಲಿನಲ್ಲಿ ಬೇರಿಂಗುಗಳು ಮೇಲಿಂದ ಮೇಲೆ ಹೋಗುತ್ತವೆ. ಹಂಗಾಮಿನಲ್ಲಿ ಮಿಲ್ಲು ಎರಡು ದಿನ ನಿಂತರೆ ಆಗುವ ನಷ್ಟವನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೀಡೇ ಏಕೆ?

ಉಕ್ಕಿನ ಪಟ್ಟಿ ಎಲ್ಲೆಡೆ ಸಿಗುವಾಗ ಬೀಡಿನ ಹಟವೇಕೆ ಎಂದು ಕೆಲವರು ಕೇಳುತ್ತಾರೆ. ಬೂದು ಬೀಡಿನಲ್ಲಿ ಇಂಗಾಲದ ಹೆಚ್ಚಿನ ಪಾಲು ಗ್ರಾಫೈಟ್ ಪದರಗಳಾಗಿ ಹರಡಿರುತ್ತದೆ. ಈ ಪದರಗಳ ಕಾರಣದಿಂದ ಅದು ಕಂಪನವನ್ನು ನುಂಗುತ್ತದೆ, ಸ್ಕ್ರೇಪರ್ ಉಳಿಗೆ ಸಣ್ಣ ಪುಡಿಯಾಗಿ ಸುಲಭವಾಗಿ ಬಿಟ್ಟುಕೊಡುತ್ತದೆ, ಉಜ್ಜುವಾಗ ಇನ್ನೊಂದು ಮೈಗೆ ಕಚ್ಚಿಕೊಳ್ಳುವುದಿಲ್ಲ. ಮೇಲಾಗಿ ಎರಕದಲ್ಲಿ ಪಕ್ಕೆಲುಬುಗಳಿರುವ ಕಮಾನಿನ ಆಕಾರವನ್ನು ನೇರವಾಗಿ ಹೊಯ್ದುಕೊಳ್ಳಬಹುದು; ಇದರಿಂದ ತೂಕ ಕಡಿಮೆಯಾಗಿ ಬಿಗುವು ಹೆಚ್ಚುತ್ತದೆ. 1 ಮೀಟರ್ ಉದ್ದ, 150 ಮಿಲಿಮೀಟರ್ ಎತ್ತರ, 50 ಮಿಲಿಮೀಟರ್ ದಪ್ಪದ ಗಟ್ಟಿ ಪಟ್ಟಿ ಸುಮಾರು 54 ಕಿಲೋ ತೂಗುತ್ತದೆ. ಪಕ್ಕೆಲುಬಿನ ಎರಕ ಅದರ ಅರ್ಧದೊಳಗೇ ಮುಗಿಯುತ್ತದೆ. ಅದನ್ನು ಒಬ್ಬನೇ ಎತ್ತಿಡಬಹುದು.

ಆದರೆ ಎಲ್ಲ ಬೀಡೂ ಒಂದೇ ಅಲ್ಲ. ಭಾರತೀಯ ಮಾನಕ ಐ.ಎಸ್. 210 ಬೂದು ಬೀಡನ್ನು ಎಫ್.ಜಿ. 150ರಿಂದ ಮೇಲಕ್ಕೆ ದರ್ಜೆಗಳಾಗಿ ವಿಂಗಡಿಸಿದೆ. ಎಫ್.ಜಿ. 260 ಎಂದರೆ ಪರೀಕ್ಷಾ ಸರಳು ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 260 ನ್ಯೂಟನ್ ಎಳೆತವನ್ನು ತಾಳಬೇಕು ಎಂದರ್ಥ. ಚರಂಡಿ ಮುಚ್ಚಳಕ್ಕೋ ತೂಕದ ಕಲ್ಲಿಗೋ ಹೊಯ್ಯುವ ಬೀಡಿನಲ್ಲಿ ಈ ಭರವಸೆ ಇರುವುದಿಲ್ಲ.

ಈಗ ಸಿಗುವ ದಾರಿಗಳು

ಮೊದಲನೆಯದು ಗುಜರಿ. ಮುರಿದ ಹಳೆಯ ಲೇತಿನ ಹಾಸು ಸಿಕ್ಕರೆ ಅದನ್ನು ಕೊಯ್ದು ಪಟ್ಟಿ ಮಾಡಿಕೊಳ್ಳುವುದು ನಮ್ಮ ಭಾಗದ ರೂಢಿ. ಇದು ತಳ್ಳಿಹಾಕುವ ದಾರಿಯಲ್ಲ. ದಶಕಗಟ್ಟಲೆ ಬಿಸಿಲು ಚಳಿ ಉಂಡ ಬೀಡು ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಆದರೆ ಕೊಯ್ದೊಡನೆ ಒಳಗಿನ ಬಿಗಿತದ ಸಮತೋಲ ತಪ್ಪಿ ತುಂಡು ಮತ್ತೆ ಬಾಗಬಹುದು. ಹಾಸಿನ ಮೈ ಗಟ್ಟಿಮಾಡಿದ್ದಾದರೆ ಸ್ಕ್ರೇಪರ್ ಹಿಡಿಯುವುದಿಲ್ಲ. ಬೇಕಾದ ಉದ್ದ ಬೇಕಾದಾಗ ಸಿಗುವುದೂ ಅದೃಷ್ಟದ ಮಾತು.

ಎರಡನೆಯದು ಸಿದ್ಧ ಮಾಲು. ಸ್ಕ್ರೇಪ್ ಮಾಡಿ, ಕ್ಯಾಲಿಬ್ರೇಷನ್ ಪತ್ರದೊಡನೆ ಬರುವ ಸ್ಟ್ರೈಟ್ ಎಡ್ಜ್ ಉತ್ತಮವೇ. ಅದರ ಬೆಲೆ ಸಣ್ಣ ವರ್ಕ್‌ಶಾಪಿಗೆ ಭಾರ. ಪತ್ರವಿಲ್ಲದೆ ಅಗ್ಗವಾಗಿ ಬರುವ ಮಾಲನ್ನು ನಂಬಿ ಯಂತ್ರವನ್ನು ಕೆರೆಯುವುದು ಜಾಣತನವಲ್ಲ.

ಮೂರನೆಯದು ದೊಡ್ಡ ಎರಕದ ಕೇಂದ್ರಗಳಿಗೆ ಹೋಗಿ ಹೊಯ್ಸಿಕೊಳ್ಳುವುದು. ಬೆಳಗಾವಿ, ಶಿವಮೊಗ್ಗ, ನೆರೆಯ ಕೊಲ್ಹಾಪುರ ಇದಕ್ಕೆ ಹೆಸರಾದ ಊರುಗಳು. ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದ ಸೊಲ್ಲಾಪುರದಲ್ಲೂ ಫೌಂಡ್ರಿ ಇದೆ. ಕಚ್ಚಾ ಬೀಡಂತೂ ನಮ್ಮ ಕಲ್ಯಾಣ ಕರ್ನಾಟಕದಲ್ಲೇ, ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಅದಿರು ನಮ್ಮದು, ಬೀಡು ನಮ್ಮದು. ಅಳತೆಯ ಸಾಧನ ಮಾತ್ರ ಹೊರಗಿನಿಂದ ಬರಬೇಕು ಎಂಬ ಸ್ಥಿತಿ ನಮ್ಮ ಉದ್ಯಮಕ್ಕೆ ಶೋಭೆಯಲ್ಲ.

ಒಂದು ಕಹಿ ಅನುಭವ

ಈ ಮೂರನೆಯ ದಾರಿಯಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ನಾಲ್ಕು ಪಟ್ಟಿಗಳಿಗಾಗಿ ಒಂದು ಫೌಂಡ್ರಿಗೆ ಹೋಗಿ “ಒಳ್ಳೆ ಬೀಡು ಹಾಕಿರಿ” ಎಂದಷ್ಟೇ ಹೇಳಿ ಬಂದೆ. ದರ್ಜೆ ಬರೆದು ಕೊಡಲಿಲ್ಲ, ಕಾಯಿಸಿ ಆರಿಸುವ ಮಾತೂ ಎತ್ತಲಿಲ್ಲ. ಬಂದ ನಾಲ್ಕರಲ್ಲಿ ಒಂದರ ಮೈ ಪ್ಲೇನ್ ಮಾಡುವಾಗ ಗಾಳಿಗುಳ್ಳೆಗಳು ಬಾಯ್ದೆರೆದವು. ಇನ್ನೊಂದರ ಮೂಲೆ ಬೇಗ ತಣಿದು ಬಿಳಿ ಬೀಡಾಗಿ ಗಾಜಿನಂತೆ ಗಟ್ಟಿಯಾಗಿತ್ತು. ಉಳಿದೆರಡನ್ನು ಕಷ್ಟಪಟ್ಟು ಸ್ಕ್ರೇಪ್ ಮಾಡಿ ಮುಗಿಸಿದೆ. ಕೆಲವೇ ತಿಂಗಳಲ್ಲಿ ಅವು ತಾವಾಗಿಯೇ ಬಾಗಿದವು. ಫೌಂಡ್ರಿಯವರನ್ನು ದೂರುವಂತಿರಲಿಲ್ಲ. ನಾನು ಕೇಳದೆ ಇದ್ದುದನ್ನು ಅವರು ಕೊಡಲಿಲ್ಲ, ಅಷ್ಟೆ.

ಎರಕ ತಣಿಯುವಾಗ ತೆಳುವಾದ ಭಾಗ ಮೊದಲು, ದಪ್ಪನೆಯ ಭಾಗ ನಂತರ ಗಟ್ಟಿಯಾಗುತ್ತದೆ. ಇದರಿಂದ ಒಳಗೆ ಬಿಗಿತ ಉಳಿಯುತ್ತದೆ. ಅದನ್ನು ಬಿಡಿಸಲು ಎರಕವನ್ನು ಕುಲುಮೆಯಲ್ಲಿ ನಿಧಾನವಾಗಿ ಸುಮಾರು 550 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಪ್ರತಿ 25 ಮಿಲಿಮೀಟರ್ ದಪ್ಪಕ್ಕೆ ಒಂದು ಗಂಟೆಯಂತೆ ಹಿಡಿದಿಟ್ಟು, ಕುಲುಮೆಯಲ್ಲೇ ಮೆಲ್ಲಗೆ ಆರಲು ಬಿಡಬೇಕು. ಹಿಂದಿನವರು ಎರಕವನ್ನು ತಿಂಗಳುಗಟ್ಟಲೆ ಬಯಲಿನಲ್ಲಿ ಇಟ್ಟು ಮಾಗಿಸುತ್ತಿದ್ದರು. ಎರಡಕ್ಕೂ ಉದ್ದೇಶ ಒಂದೇ.

ಆರ್ಡರಿನಲ್ಲಿ ಏನು ಬರೆಯಬೇಕು?

ಅನುಭವದಿಂದ ಕಲಿತದ್ದನ್ನು ಇಲ್ಲಿ ಸಂಗ್ರಹಿಸಿದ್ದೇನೆ.

1. ದರ್ಜೆ: ಐ.ಎಸ್. 210ರಂತೆ ಎಫ್.ಜಿ. 260. ಅದೇ ಹೀಟಿನ ಪರೀಕ್ಷಾ ಸರಳಿನ ವರದಿ ಜೊತೆಗಿರಬೇಕು.

2. ಗಡಸುತನ: ಬ್ರಿನೆಲ್ 180ರಿಂದ 220ರೊಳಗೆ. ಮಾಲು ಬಂದಾಗ ಎಲ್ಲ ಮೂಲೆಗಳ ಮೇಲೂ ಅರ ಓಡಿಸಿ ನೋಡಬೇಕು. ಅರ ಜಾರಿದ ಕಡೆ ಬಿಳಿ ಬೀಡು ಇದೆ ಎಂದು ತಿಳಿಯಬೇಕು.

3. ಹೊಯ್ಯುವ ಕ್ರಮ: ಕೆಲಸದ ಮೈ ಅಚ್ಚಿನ ಕೆಳಭಾಗದಲ್ಲಿ ಬರಬೇಕು. ಕಸರು, ಗಾಳಿ ಮೇಲಕ್ಕೇರುವುದರಿಂದ ಕೆಳಗಿನ ಮೈ ಶುದ್ಧವಾಗಿರುತ್ತದೆ.

4. ಅಳತೆ: ಬೂದು ಬೀಡು ತಣಿಯುವಾಗ ಮೀಟರಿಗೆ ಸುಮಾರು 10 ಮಿಲಿಮೀಟರ್ ಕುಗ್ಗುತ್ತದೆ, ಪ್ಯಾಟರ್ನಿನಲ್ಲಿ ಅದನ್ನು ಸೇರಿಸಿರಬೇಕು. ಕೆಲಸದ ಮೈಗೆ 5ರಿಂದ 6 ಮಿಲಿಮೀಟರ್ ಹೆಚ್ಚುವರಿ ದಪ್ಪ ಬಿಡಬೇಕು.

5. ಬಿಗಿತ ಬಿಡಿಸುವುದು: ಮೊದಲ ಒರಟು ಮಷೀನಿಂಗ್ ಆದ ಮೇಲೆ ಇದನ್ನು ಮಾಡಿಸುವುದು ಉತ್ತಮ. ಕುಲುಮೆಯ ಉಷ್ಣತೆಯ ಚಾರ್ಟ್ ಕೇಳಿ ಪಡೆಯಬೇಕು.

ಇದಿಷ್ಟಕ್ಕೂ ನಮ್ಮ ಹವೆಯ ಮಾತು ಸೇರಿಸಬೇಕು. ಅಳತೆಗಳಿಗೆ ಲೋಕ ಒಪ್ಪಿದ ಉಷ್ಣತೆ 20 ಡಿಗ್ರಿ. ನಮ್ಮ ಬೇಸಿಗೆ 40 ದಾಟುತ್ತದೆ. ಇಡೀ ಪಟ್ಟಿ ಸಮವಾಗಿ ಬಿಸಿಯಾದರೆ ನೇರಕ್ಕೆ ಅಷ್ಟು ಬಾಧೆಯಿಲ್ಲ. ಆದರೆ 1 ಮೀಟರ್ ಉದ್ದ, 150 ಮಿಲಿಮೀಟರ್ ಎತ್ತರದ ಪಟ್ಟಿಯ ಮೇಲಿನ ಅಂಚು ಕೆಳಗಿನದಕ್ಕಿಂತ ಒಂದೇ ಒಂದು ಡಿಗ್ರಿ ಬಿಸಿಯಾದರೂ ನಡುವೆ ಸುಮಾರು 9 ಮೈಕ್ರಾನ್ ಬಾಗು ಬರುತ್ತದೆ. ಮೈಕ್ರಾನಿನ ಲೆಕ್ಕದ ಕೆಲಸಕ್ಕೆ ಇದು ಸಣ್ಣದಲ್ಲ. ಬಿಸಿಲು ಬೀಳುವ ಕಿಟಕಿಯ ಬಳಿ, ಬರಿಗೈಯಲ್ಲಿ ಬಹಳ ಹೊತ್ತು ಹಿಡಿದು ಅಳತೆ ನೋಡಬಾರದು.

ಒಬ್ಬನಿಂದ ಆಗದ್ದು ಇಪ್ಪತ್ತು ಜನರಿಂದ

ಇಷ್ಟೆಲ್ಲ ಬರೆದುಕೊಂಡು ಹೋದರೂ ಎರಡು ಪಟ್ಟಿಯ ಗಿರಾಕಿಯ ಮಾತನ್ನು ಫೌಂಡ್ರಿ ಕೇಳುವುದು ಕಷ್ಟ. ಅವರ ದೃಷ್ಟಿಯಿಂದ ಇದು ನ್ಯಾಯವೇ. ಎರಡು ಪಟ್ಟಿಗಾಗಿ ಪ್ಯಾಟರ್ನ್ ಮಾಡಿಸಿ, ಹೀಟಿನ ರಸಾಯನ ಬದಲಿಸಿ, ಕುಲುಮೆ ಹೊತ್ತಿಸಿದರೆ ಅವರಿಗೆ ಉಳಿಯುವುದೇನು? ಆದರೆ ತಲಾ 25 ಕಿಲೋ ತೂಕದ ಪಟ್ಟಿಗೆ 20 ವರ್ಕ್‌ಶಾಪುಗಳು ಒಟ್ಟಿಗೆ ಬೇಡಿಕೆ ಇಟ್ಟರೆ 500 ಕಿಲೋ ಆಗುತ್ತದೆ. ಅದು ಸಣ್ಣ ಇಂಡಕ್ಷನ್ ಕುಲುಮೆಯ ಒಂದು ಹೀಟಿಗೆ ಸಾಕು. ಆಗ ದರ್ಜೆಯನ್ನು ಕೇಳುವ ಹಕ್ಕೂ ಬರುತ್ತದೆ, ಪ್ಯಾಟರ್ನಿನ ಖರ್ಚೂ ಇಪ್ಪತ್ತು ಪಾಲಾಗುತ್ತದೆ.

ಆದ್ದರಿಂದ ನನ್ನ ಸೂಚನೆ ಇದು. ನಮ್ಮ ವಾಣಿಜ್ಯೋದ್ಯಮ ಸಂಸ್ಥೆ 500 ಮಿಲಿಮೀಟರ್ ಮತ್ತು 1 ಮೀಟರ್ ಉದ್ದದ ಎರಡು ಪ್ಯಾಟರ್ನುಗಳನ್ನು ಮಾಡಿಸಿ ತನ್ನ ಒಡೆತನದಲ್ಲಿಟ್ಟುಕೊಳ್ಳಲಿ. ವರ್ಷಕ್ಕೊಮ್ಮೆ ಸದಸ್ಯರಿಂದ ಬೇಡಿಕೆ, ಮುಂಗಡ ಸಂಗ್ರಹಿಸಿ ಒಂದೇ ಆರ್ಡರ್ ಕೊಡಲಿ. ಒರಟು ಮಷೀನಿಂಗಿಗೆ ನಗರದ ಜಿ.ಟಿ.ಟಿ.ಸಿ.ಯನ್ನು, ಪರೀಕ್ಷೆಗೆ 1958ರಲ್ಲಿ ಆರಂಭವಾದ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜನ್ನು ಕೋರಬಹುದು. ಮುಗಿದ ಪಟ್ಟಿಗಳಲ್ಲಿ ಒಂದನ್ನು ಬೆಂಗಳೂರಿನ ಸಿ.ಎಂ.ಟಿ.ಐ.ಯಂಥ ಸಂಸ್ಥೆಯಲ್ಲಿ ಕ್ಯಾಲಿಬ್ರೇಟ್ ಮಾಡಿಸಿ ಸಂಸ್ಥೆಯ ಕಚೇರಿಯಲ್ಲಿ ಇಟ್ಟರೆ, ಉಳಿದವರು ತಮ್ಮದನ್ನು ಅದಕ್ಕೆ ಹೋಲಿಸಿಕೊಳ್ಳಬಹುದು. ಅದೂ ಆಗದಿದ್ದರೆ, 1840ರಲ್ಲಿ ಜೋಸೆಫ್ ವಿಟ್‌ವರ್ತ್ ಗ್ಲ್ಯಾಸ್ಗೋದಲ್ಲಿ ವಿವರಿಸಿದ ವಿಧಾನ ಇದ್ದೇ ಇದೆ: ಮೂರು ಮೈಗಳನ್ನು ಸರದಿಯಂತೆ ಒಂದಕ್ಕೊಂದು ತಾಳೆ ನೋಡಿ ಕೆರೆಯುತ್ತ ಹೋದರೆ, ಮೂರೂ ಪರಸ್ಪರ ಹೊಂದಿದಾಗ ಮೂರೂ ಸಮತಟ್ಟಾಗಿರಲೇಬೇಕು. ಒಬ್ಬನ ಬಳಿ ಮೂರು ಪಟ್ಟಿ ಇರಲಾರದು. ಮೂವರು ಸೇರಿದರೆ ಇರುತ್ತವೆ.

“ನಮ್ಮವರು ಒಟ್ಟಾಗುವುದಿಲ್ಲ, ಮುಂಗಡ ಕೊಡುವುದಿಲ್ಲ” ಎಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಸಣ್ಣ ಫೌಂಡ್ರಿಗೆ ಹಣ ತಡಮಾಡಿ ಕೊಡುವ ಚಟವೂ ನಮ್ಮಲ್ಲಿದೆ. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ 45 ದಿನಗಳೊಳಗೆ ಹಣ ಸಂದಾಯವಾಗಬೇಕು. ಅದೇ ಕಾಯ್ದೆಯ ರಕ್ಷಣೆಯನ್ನು ಕೇಳುವ ನಾವು ಕೊಳ್ಳುವವರಾದಾಗ ಅದನ್ನು ಮರೆಯುವುದು ಸರಿಯಲ್ಲ. ಮುಂಗಡ ತೆತ್ತವರಿಗಷ್ಟೇ ಎರಕ ಎಂದು ಮೊದಲೇ ನಿಯಮ ಮಾಡಿದರೆ ಈ ತೊಡಕು ಬಗೆಹರಿಯುತ್ತದೆ. ಮೊದಲ ವರ್ಷ ಹತ್ತೇ ಜನ ಬಂದರೂ ಚಿಂತೆಯಿಲ್ಲ. ಪ್ಯಾಟರ್ನ್ ನಮ್ಮದಾಗಿ ಉಳಿಯುತ್ತದೆ.

ಶರಣಬಸವೇಶ್ವರರು ಮೂಲತಃ ಒಕ್ಕಲುತನದವರು; ದಾಸೋಹಕ್ಕೆ ಹೆಸರಾದವರು. ಅವರ ಹೆಸರಿನ ದಾಸೋಹದಲ್ಲಿ ಒಬ್ಬರು ಅಕ್ಕಿ ತರುತ್ತಾರೆ, ಒಬ್ಬರು ಬೇಳೆ ತರುತ್ತಾರೆ, ಒಬ್ಬರು ಕೈ ದುಡಿಮೆ ಕೊಡುತ್ತಾರೆ. ಸಾವಿರಾರು ಜನರ ಊಟವಾಗುತ್ತದೆ. ಇಷ್ಟು ದೊಡ್ಡ ಪಾಠ ಊರ ನಡುವೆಯೇ ಇರುವಾಗ, ಇಪ್ಪತ್ತು ವರ್ಕ್‌ಶಾಪುಗಳು ಸೇರಿ ಅರ್ಧ ಟನ್ ಬೀಡು ಹೊಯ್ಸಿಕೊಳ್ಳುವುದು ಅಸಾಧ್ಯವೇನಲ್ಲ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಪದಾಧಿಕಾರಿಗಳನ್ನು ವಿನಂತಿಸುತ್ತೇನೆ. ಆಸಕ್ತ ಸದಸ್ಯರು ತಮಗೆ ಬೇಕಾದ ಉದ್ದ ಮತ್ತು ಸಂಖ್ಯೆಯನ್ನು ಸಂಸ್ಥೆಯ ಕಚೇರಿಗೆ ಬರೆದು ತಿಳಿಸಿದರೆ, ಮುಂದಿನ ಜಾತ್ರೆಯ ಹೊತ್ತಿಗೆ ನಮ್ಮ ಹಿರಿಯ ಟರ್ನರರ ಕೈಗೆ ಒಂದು ನೇರ ಅಂಚು ಬಂದೀತು.