‘ಒಳ್ಳೆಯ ಕೊಲೆಸ್ಟರಾಲ್’: ಅಂಕಿಯೊಂದೇ ಅಭಯವಲ್ಲ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಕುಟುಂಬಗಳಲ್ಲಿ ಇಂದು ರಕ್ತಪರೀಕ್ಷೆಯ ವರದಿ ಅಪರೂಪದ ವಸ್ತುವಲ್ಲ. ಅದರಲ್ಲಿ ಎಚ್.ಡಿ.ಎಲ್. ಎಂಬ ಸಾಲಿನ ಅಂಕಿ ತುಸು ಹೆಚ್ಚಾಗಿದ್ದರೆ ‘ಒಳ್ಳೆಯ ಕೊಲೆಸ್ಟರಾಲ್ ಸಾಕಷ್ಟಿದೆ’ ಎಂದು ಮನೆಮಂದಿ ಸಮಾಧಾನಪಡುವುದುಂಟು. ಈ ಸಮಾಧಾನ ಎಷ್ಟರಮಟ್ಟಿಗೆ ಸಾಧುವಾದುದೆಂಬುದು ವಿಚಾರಾರ್ಹವಾಗಿದೆ.

ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಆದುದರಿಂದ ಅದು ರಕ್ತದಲ್ಲಿ ಪ್ರೋಟೀನುಗಳ ಆಶ್ರಯ ಪಡೆದು ಸೂಕ್ಷ್ಮ ಕಣಗಳ ರೂಪದಲ್ಲಿ ಸಂಚರಿಸುತ್ತದೆ. ಇಂಥ ಕಣಗಳಲ್ಲಿ ಅತ್ಯಂತ ಸಾಂದ್ರವಾದುದೇ ಎಚ್.ಡಿ.ಎಲ್. ಅದರ ಪ್ರೋಟೀನಿನಲ್ಲಿ ಸುಮಾರು ಶೇಕಡಾ 70 ಭಾಗ ಎಪೊ ಎ-1 ಎಂಬುದು. ಯಕೃತ್ತು ಮತ್ತು ಕರುಳು ಇದನ್ನು ತಯಾರಿಸುತ್ತವೆ. ರಕ್ತನಾಳದ ಗೋಡೆಯ ಜೀವಕೋಶಗಳಲ್ಲಿ ಸಂಚಯವಾದ ಕೊಲೆಸ್ಟರಾಲನ್ನು ಬರಮಾಡಿಕೊಳ್ಳುವುದು ಈ ಪ್ರೋಟೀನಿನ ಮುಖ್ಯ ಕಾರ್ಯ. ಯಕೃತ್ತನ್ನು ಸೇರಿದ ಮೇಲೆ ಆ ಕೊಲೆಸ್ಟರಾಲ್ ಪಿತ್ತರಸದ ಮೂಲಕ ಹೊರಹೋಗಬಲ್ಲುದು. ಪ್ಯಾರಾಕ್ಸೊನೇಸ್ ಎಂಬ ಮತ್ತೊಂದು ಪ್ರೋಟೀನು ಕೊಬ್ಬು ಕೆಡದಂತೆ ಕಾಯುತ್ತದೆ. ಹೀಗೆ ಎಂಬತ್ತಕ್ಕೂ ಹೆಚ್ಚು ಪ್ರೋಟೀನುಗಳು ಈ ಕಣಗಳಲ್ಲಿ ಗುರುತಿಸಲ್ಪಟ್ಟಿವೆ.

ಸಾಮಾನ್ಯ ವರದಿಯು ಅಳೆಯುವುದು ಈ ಕಣಗಳೊಳಗಿನ ಕೊಲೆಸ್ಟರಾಲನ್ನು ಮಾತ್ರ. ಪ್ರೋಟೀನುಗಳು ತಮ್ಮ ಕೆಲಸ ಮಾಡುತ್ತಿವೆಯೇ ಎಂಬುದನ್ನಲ್ಲ. ಲೋಕಲ್ ಗಾಡಿಯ ಡಬ್ಬಿಗಳನ್ನು ಎಣಿಸಿದ ಮಾತ್ರಕ್ಕೆ ಎಷ್ಟು ಜನ ಮನೆ ಸೇರಿದರೆಂದು ತಿಳಿಯದು. ತೀವ್ರ ಉರಿಯೂತವಿದ್ದಾಗ ಸೀರಮ್ ಅಮಿಲಾಯ್ಡ್ ಎ ಎಂಬ ಪ್ರೋಟೀನು ಎಪೊ ಎ-1ರ ಸ್ಥಾನವನ್ನೇ ಆಕ್ರಮಿಸುತ್ತದೆ.

ಇದಕ್ಕೆ ನಿದರ್ಶನಗಳಿವೆ. ಇಟಲಿಯ ಲಿಮೋನೆ ಎಂಬ ಊರಿನ ಕೆಲವರಲ್ಲಿ ಎಚ್.ಡಿ.ಎಲ್. ತೀರ ಕಡಿಮೆಯಿದ್ದರೂ ಹೃದ್ರೋಗ ಹೆಚ್ಚಿರಲಿಲ್ಲ. ಅವರ ಎಪೊ ಎ-1 ತುಸು ಬೇರೆಯಾದುದೆಂದು 1980ರಲ್ಲಿ ತಿಳಿದುಬಂತು. ಪ್ರತಿಯಾಗಿ, ಟಾರ್ಸೆಟ್ರಾಪಿಬ್ ಎಂಬ ಔಷಧವು ಎಚ್.ಡಿ.ಎಲ್. ಅಂಕಿಯನ್ನು ಬಹಳವಾಗಿ ಏರಿಸಿತು. ಆದರೆ ಸೇವಿಸಿದವರಲ್ಲಿ ಸಾವುಗಳು ಹೆಚ್ಚಿದುದರಿಂದ 2006ರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಆ ಔಷಧಕ್ಕೆ ಅನ್ಯ ದೋಷಗಳೂ ಇದ್ದವು, ನಿಜ. ಆದರೂ ಏರಿದ ಅಂಕಿ ರಕ್ಷಣೆಗೆ ಬರಲಿಲ್ಲ. ಎಪೊ ಎ-1ನ್ನೇ ರಕ್ತನಾಳಕ್ಕೆ ನೀಡಿದ ದೊಡ್ಡ ಪ್ರಯೋಗವೊಂದು 2024ರಲ್ಲಿ ಪ್ರಕಟವಾಯಿತು. ಹೃದಯಾಘಾತಕ್ಕೊಳಗಾದ 18,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅದೂ ನಿರೀಕ್ಷಿತ ಫಲ ಕೊಡಲಿಲ್ಲ.

ಹಾಗೆಂದು ಈ ಅಂಕಿ ನಿರರ್ಥಕವೆನ್ನಲಾಗದು. ಗಂಡಸರಲ್ಲಿ 40, ಹೆಂಗಸರಲ್ಲಿ 50ಕ್ಕಿಂತ ಕಡಿಮೆಯಿದ್ದರೆ ಅದು ಎಚ್ಚರಿಕೆಯೇ ಸರಿ. ಬೊಜ್ಜು, ಸಕ್ಕರೆ ಕಾಯಿಲೆ, ತಂಬಾಕು ಅದರ ಹಿಂದಿರಬಹುದು. ಆದರೆ ಹೆಚ್ಚಿದ್ದರೆ ಅಭಯಪತ್ರ ದೊರೆಯಿತೆಂದು ಎಲ್.ಡಿ.ಎಲ್., ರಕ್ತದೊತ್ತಡಗಳನ್ನು ಅಲಕ್ಷಿಸುವುದು ಅಪಾಯಕರ.

52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53. ಇತರರಿಗೆ ಸುಮಾರು 59. ಐವತ್ತಮೂರೆಂದರೆ ನಿವೃತ್ತಿಗೆ ಮುಂಚಿನ ವಯಸ್ಸು. ಮನೆಯ ಸಾಲದ ಕಂತು ಮುಗಿದಿರುವುದಿಲ್ಲ, ಮಕ್ಕಳ ವಿದ್ಯಾಭ್ಯಾಸ ಪೂರ್ಣವಾಗಿರುವುದಿಲ್ಲ. ಊರು ಬಿಟ್ಟು ಬಂದು ದುಡಿಯುವವನು ಕುಸಿದರೆ ಇಲ್ಲಿಯ ಸಂಸಾರವೂ ಊರಿನ ವೃದ್ಧರೂ ಒಟ್ಟಿಗೆ ಕಂಗಾಲಾಗುತ್ತಾರೆ.

ಆದುದರಿಂದ ಕನ್ನಡ ಸಂಘಗಳ ಆರೋಗ್ಯ ಶಿಬಿರಗಳು ರಕ್ತ ಪಡೆದು ಕಾಗದ ಹಂಚುವುದರಲ್ಲಿ ಮುಗಿಯಬಾರದು. ಎಲ್.ಡಿ.ಎಲ್., ಸಕ್ಕರೆ, ರಕ್ತದೊತ್ತಡ, ಸೊಂಟದ ಸುತ್ತಳತೆ ಇವೆಲ್ಲವನ್ನೂ ಒಟ್ಟಾಗಿ ನೋಡಿ, ಕನ್ನಡದಲ್ಲೇ ವಿವರಿಸುವ ವೈದ್ಯರೊಬ್ಬರು ಅಲ್ಲಿರಬೇಕು. ಅಗತ್ಯವಿದ್ದವರು ಎಪೊ ಬಿ ಪರೀಕ್ಷೆಯ ವಿಷಯವನ್ನೂ ಅವರಲ್ಲಿ ಕೇಳಬಹುದು. ತಂಬಾಕಿನ ತ್ಯಾಗ, ಠಾಣೆಯ ಮಾಸುಂದಾ ತಲಾವಿನ ಸುತ್ತಲೋ ಕಲ್ಯಾಣದ ಕಾಳಾ ತಲಾವಿನ ಬಳಿಯೋ ನಿತ್ಯ ಬಿರುಸಿನ ನಡಿಗೆ, ವೈದ್ಯರು ಹೇಳಿದ ಔಷಧಿಯ ಕ್ರಮಬದ್ಧ ಸೇವನೆ ಇವು ಅಂಕಿಗಾಗಿಯಲ್ಲ, ಆಯುಸ್ಸಿಗಾಗಿ ನಡೆಯಬೇಕಾದ ಕೆಲಸಗಳು.