ಬೀಜದ ನಿದ್ರೆಯು ದೋಷವಲ್ಲ

ಕಟಾವಿಗೆ ಬಂದ ಭತ್ತದ ಮೇಲೆ ಸ್ವಾತಿ, ವಿಶಾಖ ಮಳೆಗಳು ಬಿಡದೆ ಹಿಡಿದರೆ, ನೆಲಕ್ಕೊರಗಿದ ತೆನೆಗಳಲ್ಲಿಯೇ ಕಾಳು ಮೊಳೆಯುವುದನ್ನು ಲಿಂಗದಹಳ್ಳಿಯ ಸುತ್ತಣ ಜಮೀನುದಾರರು ಕಂಡೇ ಇರುವರು. ಅಂತಹ ಭತ್ತವು ಅಕ್ಕಿಗೂ ಒದಗದು, ಬಿತ್ತನೆಗೂ ಒದಗದು. ಇದನ್ನು ದೈವಾಧೀನವೆಂದು ಹೇಳಿ ಸುಮ್ಮನಾಗುವುದು ವಾಡಿಕೆ. ಮಳೆಯು ದೈವಾಧೀನವೇ ಸರಿ. ಆದರೆ ತೆನೆಯಲ್ಲಿ ಮೊಳೆಯುವ ಸ್ವಭಾವವು ಬಹುಮಟ್ಟಿಗೆ ನಾವು ಆರಿಸಿಕೊಂಡ ಬೀಜಕ್ಕೆ ಸೇರಿದ್ದೆಂಬುದನ್ನು ಗ್ರಾಮದ ಮುಖಂಡರ ಗಮನಕ್ಕೆ ತರುವುದು ಅವಶ್ಯಕವೆಂದು ನಮ್ಮ ಅಭಿಪ್ರಾಯ.

ಈ ವಿಷಯದಲ್ಲಿ ಹೆಚ್ಚಿನ ಶೋಧನೆ ನಡೆದಿರುವುದು ಗೋಧಿಯಲ್ಲಿ. ತರೀಕೆರೆ ಸೀಮೆಯದು ಅಡಕೆ, ತೆಂಗು, ಭತ್ತ, ರಾಗಿಗಳ ನೆಲ. ಗೋಧಿಯು ಧಾರವಾಡ, ವಿಜಯಪುರದ ಕಡೆಯ ಎರೆಭೂಮಿಯ ಹಿಂಗಾರು ಬೆಳೆ. ಅಲ್ಲಿ ಕೊಯ್ಲು ಒಣ ದಿನಗಳಲ್ಲಿ ನಡೆಯುವುದರಿಂದ ಈ ಭಯ ಕಡಮೆ. ಕೊಯ್ಲಿನ ಕಾಲಕ್ಕೆ ಮಳೆ ಬೀಳುವ ಯೂರೋಪು, ಚೀನಾ, ಜಪಾನು ಮೊದಲಾದ ದೇಶಗಳಲ್ಲಿ ನಷ್ಟವು ಹೆಚ್ಚಾದುದರಿಂದ ವಿಚಾರವೂ ಹೆಚ್ಚಾಯಿತು. ಗೋಧಿ, ಭತ್ತಗಳೆರಡೂ ಹುಲ್ಲಿನ ಕುಲದವಾದ ಕಾರಣ ಅಲ್ಲಿ ತಿಳಿದುಬಂದುದರ ಬಹುಭಾಗ ನಮಗೂ ಅನ್ವಯಿಸತಕ್ಕದ್ದಾಗಿದೆ.

ಗೋಧಿಯ ಕಾಳಿನ ಬುಡದಲ್ಲಿ ಸಣ್ಣ ಮಚ್ಚೆಯಂತೆ ಕಾಣುವುದೇ ಭ್ರೂಣ, ಅಂದರೆ ಮುಂದಣ ಸಸಿ. ಉಳಿದ ಹಿಟ್ಟೆಲ್ಲವೂ ಅದರ ಬುತ್ತಿ. ಕಾಳು ಬಲಿಯುವಾಗ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಭ್ರೂಣವು ಒಣಗುವುದನ್ನು ತಾಳುವಂತೆ ಮಾಡಿ, ಅಕಾಲದಲ್ಲಿ ಮೊಳೆಯದಂತೆ ಮಲಗಿಸುತ್ತದೆ. ಜಿಬ್ಬರೆಲಿನ್ ಎಂಬ ಇನ್ನೊಂದು ಅದನ್ನು ಎಬ್ಬಿಸಿ, ಹಿಟ್ಟನ್ನು ಸಕ್ಕರೆಯಾಗಿ ಕರಗಿಸುವ ಕಿಣ್ವವನ್ನು ಹುಟ್ಟಿಸುತ್ತದೆ. ಈ ಎರಡನೆಯದರ ಸುಳಿವು ಜಪಾನಿನ ಕುರೊಸಾವಾ ಎಂಬವರಿಗೆ 1926ರಲ್ಲಿ ದೊರೆತದ್ದು ಭತ್ತದ ಸಸಿಗಳು ಬಿಳಿಚಿಕೊಂಡು ವಿಪರೀತ ಉದ್ದವಾಗುವ ರೋಗದ ಶಿಲೀಂಧ್ರದಲ್ಲಿ ಎಂಬುದು ಸ್ವಾರಸ್ಯವಾದ ಸಂಗತಿ.

ಹಾರ್ಮೋನು ಇದ್ದರೆ ಸಾಲದು. ಅದರ ಆಜ್ಞೆಯು ಭ್ರೂಣಕ್ಕೆ ಮುಟ್ಟಬೇಕು. ಮುಟ್ಟಿಸುವ ಕೆಲಸದಲ್ಲಿ ಕೆಲವು ವಂಶವಾಹಿಗಳಿಗೆ ಮುಖ್ಯ ಪಾತ್ರವುಂಟು. ಮುಸುಕಿನ ಜೋಳದಲ್ಲಿ ವಿವಿಪ್ಯಾರಸ್-1 ಎಂಬ ವಂಶವಾಹಿ ಕೆಟ್ಟರೆ ಕಾಳು ತೆನೆಯಲ್ಲಿಯೇ ಮೊಳೆಯುತ್ತದೆ. ಗೋಧಿಯಲ್ಲಿ ಅದಕ್ಕೆ ಸಮನಾದ ವಂಶವಾಹಿಯ ಸಂದೇಶವು ಅನೇಕ ವೇಳೆ ತಪ್ಪಾಗಿ ಜೋಡಣೆಯಾಗುವುದೆಂದು 2002ರಲ್ಲಿ ಪ್ರಕಟವಾಯಿತು. ಹುಕುಂ ಹೊರಟಿದ್ದರೂ ಊರಿಗೆ ಮುಟ್ಟುವಷ್ಟರಲ್ಲಿ ಕಾಗದ ಹರಿದಂತಾಯಿತು.

ಇದರಲ್ಲಿ ಮನುಷ್ಯನ ಪಾಲೂ ಉಂಟು. ಬಿತ್ತಿದೊಡನೆ ಒಂದೇ ಸಮನೆ ಏಳುವ ಬೀಜವನ್ನೇ ನಾವು ತಲೆತಲಾಂತರದಿಂದ ಮೆಚ್ಚಿ ಉಳಿಸಿಕೊಂಡೆವು; ನಿದ್ರೆಯು ತಾನಾಗಿ ಕಡಮೆಯಾಯಿತು. ಕೆಂಪು ಸಿಪ್ಪೆಯ ಗೋಧಿಯು ಬಿಳಿಯದಕ್ಕಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಮಲಗುತ್ತದೆ. ಭತ್ತದಲ್ಲಿಯೂ ಕೆಂಪಕ್ಕಿಗೆ ಬಣ್ಣ ಕೊಡುವ ವಂಶವಾಹಿಗೂ ನಿದ್ರೆಗೂ ಸಂಬಂಧ ಕಂಡುಬಂದಿದೆ. ಬೆಳ್ಳಗಿನದಕ್ಕೆ ಬೆಲೆ ಹೆಚ್ಚೆಂದು ಕೆಂಪನ್ನು ಗದ್ದೆಯಿಂದ ಹೊರಡಿಸುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊಯ್ದ ಕೂಡಲೆ ಮತ್ತೆ ಬಿತ್ತುವವರಿಗೆ ನಿದ್ರೆಯ ಬೀಜ ಅಡ್ಡಿಯಲ್ಲವೆ ಎಂದು ಕೇಳಬಹುದು. ಅಡ್ಡಿಯೇ. ಅಂತಹವರು ಹಿಂದಿನ ಕೊಯ್ಲಿನ ಬೀಜವನ್ನು ಇಟ್ಟುಕೊಳ್ಳಬೇಕು, ಇಲ್ಲವೆ ಕಡಮೆ ನಿದ್ರೆಯ ತಳಿಯನ್ನು ಮಳೆಯಿಲ್ಲದ ಕೊಯ್ಲಿಗೆ ಮಾತ್ರ ಹಾಕಬೇಕು. ಮಳೆಯಲ್ಲಿ ಕೊಯ್ಯುವ ಗದ್ದೆಗೆ ಕೆಲವು ವಾರಗಳಾದರೂ ಮಲಗುವ ತಳಿಯೇ ಯೋಗ್ಯ. ಹೊಸ ಭತ್ತ ಒದ್ದೆಬಟ್ಟೆಯಲ್ಲಿ ಮೊಳೆಯಲಿಲ್ಲವೆಂದು ಬೀಜವನ್ನೇ ನಿಂದಿಸುವುದು ತರವಲ್ಲ; ಒಣಗಿಸಿಟ್ಟರೆ ಕಾಲಕ್ರಮದಲ್ಲಿ ನಿದ್ರೆ ತಾನೇ ಕಳೆಯುತ್ತದೆ. ಬಿತ್ತನೆ ಬೀಜದ ಚೀಲದ ಮೇಲೆ ಮೊಳೆಯುವ ಪ್ರಮಾಣದ ಜೊತೆಗೆ ನಿದ್ರೆಯ ದಿನಗಳನ್ನೂ ಅಚ್ಚುಮಾಡಬೇಕೆಂದು ಕೇಳುವ ಹಕ್ಕು ಕೊಳ್ಳುವವರಿಗೆ ಇರತಕ್ಕದ್ದು.

ಅಲ್ಲಿಯವರೆಗೆ ಊರಲ್ಲಿಯೇ ಪರೀಕ್ಷೆ ಮಾಡಬಹುದು. ಪೂರ್ತಿ ಬಲಿತ ದಿನ ಪ್ರತಿಯೊಂದು ತಳಿಯಿಂದಲೂ ಹತ್ತು ತೆನೆ ಕೊಯ್ದು, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ನೆರಳಿನಲ್ಲಿಡತಕ್ಕದ್ದು. ತಾಟು ಒಣಗಲು ಬಿಡಬಾರದು. ಏಳನೆಯ ದಿನ ಬಿಚ್ಚಿ, ಮೊಳೆತ ಕಾಳುಗಳನ್ನು ತಳಿವಾರು ಎಣಿಸಿ ಬರೆದಿಟ್ಟು, ಮುಂದಿನ ಬಿತ್ತನೆಗೆ ಮುಂಚೆ ನೆರೆಯ ಹಿಡುವಳಿದಾರರಿಗೂ ತೋರಿಸತಕ್ಕದ್ದು.