ಸೀಸದ ಗುಂಡಿಗೆ ನಮಸ್ಕಾರ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊರದೇಶದಿಂದ ಪತ್ರ ಬರೆದಿದ್ದಾನೆ. "ಗುರುಗಳೇ, ತಾವು ಮೊಮ್ಮಕ್ಕಳಿಗೆ ಗಾಳಕ್ಕೆ ಗರಿಯ ಹುಳು ಕಟ್ಟುವುದನ್ನು ಕಲಿಸುತ್ತಿದ್ದೀರೆಂದು ಕೇಳಿದೆ. ಅದು ಇಲ್ಲಿಯ ಶ್ರೀಮಂತರ ಆಟ. ನಮ್ಮ ಹಿರೇಕೆರೂರಿನ ಕೆರೆಗೆ ಒಂದು ಎರೆಹುಳು, ಒಂದು ಸೀಸದ ಗುಂಡು ಸಾಲದೇ?" ಎಂದು ಅವನ ಪ್ರಶ್ನೆ. ಎರೆಹುಳುವಿನ ಬಗ್ಗೆ ನನ್ನ ತಕರಾರಿಲ್ಲ. ಸೀಸದ ಗುಂಡಿನ ಬಗ್ಗೆ ಇದೆ, ಬಲವಾಗಿಯೇ ಇದೆ. ಆದುದರಿಂದ ಉತ್ತರವನ್ನು ಅವನೊಬ್ಬನಿಗೇ ಬರೆಯದೆ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ನಮ್ಮ ಹುಡುಗರು ಗಾಳಕ್ಕೆ ಭಾರ ಕಟ್ಟುವ ಬಗೆಯನ್ನು ನೀವೆಲ್ಲ ಬಲ್ಲಿರಿ. ಸೀಸದ ಚೂರನ್ನು ನೈಲಾನ್ ದಾರಕ್ಕೆ ಸಿಕ್ಕಿಸಿ ಹಲ್ಲಿನಿಂದ ಕಚ್ಚಿ ಬಿಗಿಯುತ್ತಾರೆ! ಆ ಸೀಸವಾದರೂ ಎಲ್ಲಿಯದು? ಹಳೆಯ ಬ್ಯಾಟರಿಯನ್ನು ಒಡೆದು ಮನೆಯ ಹಿತ್ತಲಿನಲ್ಲಿ ಕರಗಿಸಿದ್ದು. ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಎಷ್ಟೇ ಅಲ್ಪವಾಗಿರಲಿ, ಅದು ನಿರಪಾಯಕಾರಿ ಎನ್ನಲಾಗದೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಅದು ಕೆಡಿಸುವುದು ಬೆಳೆಯುವ ಮೆದುಳನ್ನು. ಮೂರು ದಶಕಕ್ಕೂ ಹೆಚ್ಚು ಕಾಲ ಮೆದುಳುಗಳಿಗೆ ಮಗ್ಗಿ ಕಲಿಸಿದ ನನಗೆ ಇದು ಸಣ್ಣ ಮಾತಲ್ಲ. ನಮ್ಮ ದೇಶ 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ಹೊರಗಟ್ಟಿತು. ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂದು 2016ರಲ್ಲಿ ನಿಯಮ ಮಾಡಿ, 2017ರ ನವೆಂಬರಿನಿಂದ ಜಾರಿಗೆ ತಂದಿತು. ಗೋಡೆಯ ಮೇಲೆ ಬೇಡವಾದ ವಸ್ತುವನ್ನು ಹುಡುಗನ ಹಲ್ಲಿನ ನಡುವೆ ಇಡಲು ನಮಗೆ ಸಂಕೋಚವಿಲ್ಲವಲ್ಲ!

ಇನ್ನು ದಾರ ಹರಿದು ಕೆರೆಯ ತಳ ಸೇರಿದ ಗುಂಡು ಏನಾಗುತ್ತದೆ? ಕೋಳಿ ಕಾಳನ್ನು ಅರೆಯಲು ಹರಳು ನುಂಗುವುದನ್ನು ನೋಡಿದ್ದೀರಿ. ಬಾತು, ಹಂಸಗಳೂ ಹಾಗೆಯೇ ಹರಳೆಂದು ತಿಳಿದು ಸೀಸವನ್ನು ನುಂಗುತ್ತವೆ. ಇಂಗ್ಲೆಂಡಿನ ನದಿಗಳಲ್ಲಿ ಹಂಸಗಳು ಹೀಗೆ ವಿಷವೇರಿ ಸತ್ತದ್ದರಿಂದಲೇ 1987ರಿಂದ ಅಲ್ಲಿ 0.06 ಗ್ರಾಂನಿಂದ 28.35 ಗ್ರಾಂವರೆಗಿನ ಸೀಸದ ಗಾಳಗುಂಡುಗಳನ್ನು ನಿಷೇಧಿಸಲಾಯಿತು. ಬಳಿಕ ಹಂಸಗಳ ಸಂಖ್ಯೆ ಚೇತರಿಸಿಕೊಂಡಿತು. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಇಳಿಯುವ ಬಾತುಗಳ ಹೊಟ್ಟೆ ಬೇರೆ ಲೋಹದ್ದೇ?

"ಸೀಸವಿಲ್ಲದೆ ಮುಳುಗುವುದು ಹೇಗೆ?" ಎನ್ನುವವರಿಗೆ ಉತ್ತರವನ್ನು ಇಂಗ್ಲೆಂಡಿನ ಒಬ್ಬ ನದಿಪಾಲಕನೇ ಕೊಟ್ಟಿದ್ದಾನೆ. ಏವನ್ ನದಿಯ ಫ್ರಾಂಕ್ ಸಾಯರ್ ರೇಷ್ಮೆ ದಾರವನ್ನೇ ಕೈಬಿಟ್ಟು, ಕೂದಲೆಳೆಯಂಥ ತಾಮ್ರದ ತಂತಿಯಿಂದಲೇ ಗರಿಯನ್ನು ಗಾಳಕ್ಕೆ ಸುತ್ತಿದ. ತಂತಿಯೇ ದಾರ, ತಂತಿಯೇ ಭಾರ! ನೀರಿನಲ್ಲಿ ಬೆಳೆಯುವ ಹುಳುವಿನ ಮರಿಯಂತೆ ಕಾಣುವ ಆ ಪುಟ್ಟ ಗಾಳದ ವಿಷಯವಾಗಿ 1958ರಲ್ಲಿ ಪುಸ್ತಕವನ್ನೂ ಬರೆದ. ಘನ ಸೆಂಟಿಮೀಟರಿಗೆ ಸೀಸ 11.3 ಗ್ರಾಂ, ತಾಮ್ರ ಸುಮಾರು 9 ಗ್ರಾಂ. ತಾಮ್ರ ಹಗುರವೆಂಬುದು ನಿಜ. ಆದರೆ ನಾಲ್ಕೈದು ಅಡಿಯ ನಿಂತ ನೀರಿಗೆ ಆ ವ್ಯತ್ಯಾಸವನ್ನು ಹಿಡಿದು ಜಗಳವಾಡುವುದು ಹಠವೇ ಹೊರತು ವಿಜ್ಞಾನವಲ್ಲ. ಮೈ ತೆಳ್ಳಗಿದ್ದರೆ ನೀರಿನ ತಡೆ ಕಡಿಮೆ, ಗಾಳ ತಾನಾಗಿ ಇಳಿಯುತ್ತದೆ. ಅಷ್ಟಾಗಿಯೂ ಭಾರ ಸಾಲದೆಂದರೆ 19.3 ಗ್ರಾಂ ತೂಗುವ ಟಂಗ್‌ಸ್ಟನ್ ಮಣಿಗಳಿವೆ. ಅವು ದುಬಾರಿ, ಅವನ್ನು ಪತ್ರ ಬರೆದ ನಮ್ಮ ಶಿಷ್ಯನೇ ಕಳಿಸಲಿ.

ಅದೇ ತಂತಿ ನಮ್ಮೂರಿನ ಮೋಟರು ಸುತ್ತುವ ಅಂಗಡಿಗಳಲ್ಲಿ ಕಸವಾಗಿ ಬಿದ್ದಿರುತ್ತದೆ. ಸುಟ್ಟ ಫ್ಯಾನಿನ ಸುರುಳಿಯಿಂದ ಬಿಚ್ಚಿದ 36 ನಂಬರಿನ ತಂತಿ, ಅಂದರೆ ಸುಮಾರು 0.19 ಮಿಲಿಮೀಟರಿನದು, ಈ ಕೆಲಸಕ್ಕೆ ಒಪ್ಪುತ್ತದೆ. ಕಪ್ಪಗೆ ಸೀದ ಭಾಗವನ್ನು ಬಿಟ್ಟು ಹೊಳಪಿರುವುದನ್ನು ಆರಿಸಿರಿ. ಮೊದಲು ಕಟ್ಟುವವರೆಲ್ಲ ಗಾಳದ ಕಣ್ಣಿನವರೆಗೂ ಸುತ್ತಿ, ಆಮೇಲೆ ದಾರ ಪೋಣಿಸಲು ಜಾಗವಿಲ್ಲದೆ ಪರದಾಡುತ್ತಾರೆ. ಕಣ್ಣಿನ ಹಿಂದೆ ಅಕ್ಕಿಕಾಳಿನ ಕಾಲುಭಾಗದಷ್ಟು ಬರಿದಾಗಿ ಬಿಡಬೇಕು. ಸುತ್ತುಗಳು ಒಂದರ ಮೇಲೊಂದು ಏರದೆ, ಕಾಪಿ ಪುಸ್ತಕದ ಗೆರೆಗಳಂತೆ ಪಕ್ಕಪಕ್ಕಕ್ಕೆ ಕೂರಬೇಕು. ಎದೆಯ ಭಾಗದಲ್ಲಿ ಮಾತ್ರ ಎರಡು ಪದರ ಸುತ್ತಿ ಗುಬುಟು ಮಾಡಿದರೆ ಗಾಳ ತಲೆ ಕೆಳಗಾಗಿ ಇಳಿಯುತ್ತದೆ. ಹುಂಜದ ಬಾಲದ ಕಂದುಗರಿಯ ನಾಲ್ಕೇ ಎಳೆ ಸಾಕು. ತುದಿಗಳನ್ನು ಬಾಲವಾಗಿ ಬಿಟ್ಟು, ಉಳಿದದ್ದನ್ನು ತಂತಿಯೊಂದಿಗೆ ಹೊಸೆದು ಮುಂದಕ್ಕೆ ಸುತ್ತಿರಿ. ಹೊಸೆದ ಗರಿ ಮೀನಿನ ಹಲ್ಲಿಗೆ ಬೇಗ ಹರಿಯುವುದಿಲ್ಲ. ತಂತಿಯನ್ನು ಸದಾ ಬಿಗಿಯಾಗಿ ಹಿಡಿಯಿರಿ, ಜಗ್ಗಬೇಡಿ. ಜಗ್ಗಿದರೆ ಪಟ್ಟನೆ ತುಂಡಾಗುತ್ತದೆ. ಮೊದಲ ಹತ್ತು ಗಾಳ ಅಂದಗೆಟ್ಟರೆ ಬೇಸರವೇಕೆ? ನಿಮ್ಮ ಮೊದಲ ಅಆಇಈಗಳನ್ನು ನಾನು ಕಂಡಿದ್ದೇನೆ.

ಶ್ರೀಮಂತರ ಆಟವೆಂಬ ಮಾತಿಗೆ ಬರೋಣ. ಗುಜರಿ ತಂತಿ, ಹುಂಜದ ಗರಿ, ಒಂದು ಸಣ್ಣ ಗಾಳ. ಇದರಲ್ಲಿ ಸಿರಿತನ ಎಲ್ಲಿದೆ? ಬೆರಳಿನ ಕೆಲಸವನ್ನು ಕೀಳೆಂದು ಕಾಣುವ ನಮ್ಮ ಓದಿದವರ ರೋಗವೇ ಈ ಮಾತನ್ನು ಆಡಿಸುತ್ತಿದೆ. ಕಸುಬಿನ ಮೂಲಕವೇ ಶಿಕ್ಷಣ ನಡೆಯಬೇಕೆಂದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಪ್ರತಿಪಾದಿಸಿದರು. ನಮ್ಮ ಶಾಲೆಗಳಲ್ಲಿ ಆ ಅವಧಿಯನ್ನು ಗಣಿತದ ಬಾಕಿ ಪಾಠಕ್ಕೆ ಕೊಟ್ಟದ್ದೇ ಹೆಚ್ಚು!

ಮದಗದ ಕೆರೆಯಾಗಲಿ, ಊರ ಕೆರೆಯಾಗಲಿ, ಗುತ್ತಿಗೆದಾರರ ಒಪ್ಪಿಗೆ ಇಲ್ಲದೆ ಗಾಳ ಹಾಕಬೇಡಿ. ದೀಪಾವಳಿಗೆ ಊರಿಗೆ ಬರುವವರು ಮಕ್ಕಳನ್ನು ಕರೆದುಕೊಂಡು ಮನೆಗೆ ಬನ್ನಿ. ತಂತಿ, ಗರಿ ನನ್ನಲ್ಲಿವೆ. ನಿಮ್ಮ ಅಟ್ಟದ ಡಬ್ಬಿಯಲ್ಲಿ ಹಲ್ಲಿನ ಗುರುತಿರುವ ಸೀಸದ ಗುಂಡುಗಳು ಉಳಿದಿದ್ದರೆ, ಕಾಗದದಲ್ಲಿ ಸುತ್ತಿ ಅವನ್ನೂ ತನ್ನಿ.